ಬ್ಯಾಟರಿಗಿಂತ ಮೊದಲು ಮುಗಿಯುವ ಜಾಲಗಳು

ಕಡಿಮೆ ವಿದ್ಯುತ್ತಿನ ನಿಸ್ತಂತು ಜಾಲ ಮಾರುವವರೆಲ್ಲ ಮೊದಲು ಹೇಳುವುದು ಬ್ಯಾಟರಿ ಹತ್ತು ವರ್ಷ ಬರುತ್ತದೆ ಎಂದು. ನೀರಿನ ಮೀಟರೊಂದು ದಿನಕ್ಕೆ ಒಂದೆರಡು ಸಲ ಎಚ್ಚೆತ್ತು ನಾಲ್ಕು ಅಂಕಿ ಕಳಿಸಿ ಮಲಗುವುದಾದರೆ ಅದು ಸುಳ್ಳೂ ಅಲ್ಲ. ಆ ಅಂಕಿಗಳನ್ನು ಕೇಳಿಸಿಕೊಳ್ಳಲು ಜಾಲ ಅಷ್ಟು ಕಾಲ ಇರುತ್ತದೆಯೇ ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಎತ್ತುವುದಿಲ್ಲ.

ಫ್ರಾನ್ಸಿನ ತುಲೂಸ್ ಬಳಿ 2010ರಲ್ಲಿ ಹುಟ್ಟಿದ, ಇಂಥದೇ ಜಾಲ ಕಟ್ಟಿದ ಸಿಗ್‌ಫಾಕ್ಸ್ ಕಂಪನಿಯ ಜಿಪುಣತನ ಮೆಚ್ಚುವಂಥದ್ದು. ಸಂದೇಶಕ್ಕೆ 12 ಬೈಟ್, ದಿನಕ್ಕೆ 140 ಸಂದೇಶ, 100 ಹರ್ಟ್ಸ್ ಅಗಲದ ಸಂಕೇತ. ಪಟ್ಟಿ ಅಷ್ಟು ಕಿರಿದಾದಾಗ ಒಳನುಸುಳುವ ಗದ್ದಲವೂ ಕಡಿಮೆ. ಕ್ಷೀಣ ದನಿ ಬಹುದೂರ ಮುಟ್ಟುತ್ತದೆ. ಆದರೆ ಜಾಲದ ಹಿಡಿತವೆಲ್ಲ ಕಂಪನಿ ಮತ್ತು ಅದರ ಪಾಲುದಾರರ ಕೈಯಲ್ಲಿತ್ತು. 2022ರ ಜನವರಿಯಲ್ಲಿ ಅದು ಸಾಲ ತೀರಿಸಲಾಗದೆ ನ್ಯಾಯಾಲಯದ ಮೆಟ್ಟಿಲೇರಿ, ಕೆಲವೇ ತಿಂಗಳಲ್ಲಿ ಸಿಂಗಪುರದ ಯುನಾಬಿಜ್ ಪಾಲಾಯಿತು.

ದೊಡ್ಡ ಟೆಲಿಕಾಂ ಕಂಪನಿಯನ್ನು ನಂಬಿದರೆ ಭಯವಿಲ್ಲವೇ? ಅವರ ಮೊಬೈಲ್ ಜಾಲಗಳ ಮೇಲೆಯೇ ಓಡುವ ಎನ್‌ಬಿ-ಐಒಟಿ ಮಾನಕ 2016ರಲ್ಲಿ ಬಂತು. ನೆಲಮಾಳಿಗೆಗೂ ಇಳಿಯುತ್ತದೆ, ಲೈಸೆನ್ಸ್ ಪಡೆದ ತರಂಗಾಂತರವಾದ್ದರಿಂದ ಬೇರೆಯವರ ಕಾಟವಿಲ್ಲ. ಆದರೂ ಜಪಾನಿನ ಡೊಕೊಮೊ ತನ್ನ ಎನ್‌ಬಿ-ಐಒಟಿ ಸೇವೆಯನ್ನು 2020ರಲ್ಲೇ ನಿಲ್ಲಿಸಿತು.

ಹೀಗಾಗಿ ನನ್ನ ಒಲವು ಲೋರಾವ್ಯಾನ್ ಕಡೆಗೆ, ಕಣ್ಣುಮುಚ್ಚಿ ಅಲ್ಲ. ಅದರ ತಳಹದಿಯಾದ ರೇಡಿಯೊ ತಂತ್ರ, ಗ್ರೆನೋಬಲ್‌ನ ಸೈಕ್ಲಿಯೊ ಕಂಪನಿ ರೂಪಿಸಿದ ಲೋರಾದಲ್ಲಿ ಸಂಕೇತ ಸಿಳ್ಳೆಯಂತೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುತ್ತದೆ. ಗದ್ದಲದಡಿ ಹುದುಗಿದರೂ ರಿಸೀವರ್ ಅದನ್ನು ಹೆಕ್ಕಿ ತೆಗೆಯಬಲ್ಲದು. ನಮ್ಮಲ್ಲಿ 865–868 ಮೆಗಾಹರ್ಟ್ಸ್ ಪಟ್ಟಿಗೆ ಲೈಸೆನ್ಸ್ ಬೇಕಿಲ್ಲವಾದ್ದರಿಂದ ಕಾಫಿ ತೋಟದವರೂ ಸಾಧನಗಳ ಸಂದೇಶ ಹಿಡಿಯುವ ತಮ್ಮದೇ ಗೇಟ್‌ವೇ ನಿಲ್ಲಿಸಬಹುದು. ಈ ಸ್ವಾತಂತ್ರ್ಯಕ್ಕೆ ಬೆಲೆಯಿದೆ. ದೂರ ಹೆಚ್ಚಿಸಲು ಸಂಕೇತವನ್ನು ಎಳೆದಷ್ಟೂ ಪುಟ್ಟ ಸಂದೇಶವೂ ಗಾಳಿಯಲ್ಲಿ ಸೆಕೆಂಡಿಗೂ ಹೆಚ್ಚು ಹೊತ್ತು ಉಳಿಯುತ್ತದೆ. ಸರದಿಯಿಲ್ಲದೆ ಎಲ್ಲ ಸಾಧನಗಳೂ ತೋಚಿದಾಗ ಮಾತಾಡುವ ವ್ಯವಸ್ಥೆಯಿದು. ಸಾಧನ ಹೆಚ್ಚಾದಂತೆ ಡಿಕ್ಕಿಯೂ ಹೆಚ್ಚು. ಕಿಲೋಮೀಟರ್‌ಗಟ್ಟಲೆ ವ್ಯಾಪ್ತಿಯೆಂದು ಕೊಚ್ಚಿಕೊಳ್ಳುವ ಜಾಹೀರಾತುಗಳಲ್ಲಿ ಇದರ ಸುದ್ದಿಯಿರುವುದಿಲ್ಲ. ಮೇಲಾಗಿ, ಸೈಕ್ಲಿಯೊವನ್ನು 2012ರಲ್ಲಿ ಕೊಂಡ ಅಮೆರಿಕದ ಸೆಮ್‌ಟೆಕ್ ಬಳಿಯೇ ಈ ರೇಡಿಯೊದ ಪೇಟೆಂಟ್‌ಗಳಿವೆ. ಮಾನಕ ಮುಕ್ತ, ಚಿಪ್ ಮುಕ್ತವಲ್ಲ.

ಇನ್ನೊಂದು ಬಲೆಯೂ ಇದೆ. ಸಾಧನದ ಸಂದೇಶ ಬಿಡಿಸುವ ಗುಪ್ತ ಕೀಲಿಗಳು ಮಾರಿದವನ ಸರ್ವರ್‌ನಲ್ಲೇ ಉಳಿದರೆ, ಗೇಟ್‌ವೇ ನಿಮ್ಮದಾಗಿದ್ದೂ ಅವನನ್ನು ಬಿಟ್ಟು ಹೋಗಲಾಗದು. ನಗರಸಭೆಗಳು ಮೀಟರ್ ಟೆಂಡರ್ ಕರೆಯುವಾಗ ಬ್ಯಾಟರಿಯ ಆಯುಷ್ಯದ ಜೊತೆಗೆ ಕೀಲಿಗಳನ್ನೂ ಒಪ್ಪಿಸಬೇಕೆಂಬ ಷರತ್ತು ಬರೆಸಲಿ.