ವಸ್ತುಪ್ರದರ್ಶನದಲ್ಲಿ ನಲ್ಲಿಯಿಲ್ಲ

ಮೈಸೂರಿನಲ್ಲಿ ವಿಮರ್ಶಕರಿಗೆ ಬರವಿಲ್ಲ. ರಂಗಾಯಣದ ನಾಟಕದ ಗುಣದೋಷ ಹೇಳುವವರಿದ್ದಾರೆ, ಬಿಡಾರಂ ಕೃಷ್ಣಪ್ಪನವರ ರಾಮಮಂದಿರದ ಕಚೇರಿ ಕೇಳಿ ಬಂದು ಶ್ರುತಿ ಎಲ್ಲಿ ತಪ್ಪಿತೆಂದು ತಿಳಿಸುವವರಿದ್ದಾರೆ. ಆದರೆ ದಸರೆಗೆ ಶುರುವಾಗಿ ಹೆಚ್ಚುಕಡಿಮೆ ಮೂರು ತಿಂಗಳು ದೊಡ್ಡಕೆರೆ ಮೈದಾನದ ವಸ್ತುಪ್ರದರ್ಶನದಲ್ಲಿ, ದಿನಕ್ಕೆ ಹಲವು ಬಾರಿ, ಕಿಕ್ಕಿರಿದ ಜನರೆದುರು ನಡೆಯುವ ಒಂದು ಆಟಕ್ಕೆ ಮಾತ್ರ ವಿಮರ್ಶೆ ಬಂದದ್ದನ್ನು ನಾನು ಕಂಡಿಲ್ಲ. ಅಡುಗೆ ಸಾಮಾನಿನ ಮಳಿಗೆಯ ಪ್ರಾತ್ಯಕ್ಷಿಕೆಯ ಮಾತು ಹೇಳುತ್ತಿದ್ದೇನೆ. ಪ್ರೇಕ್ಷಕರಲ್ಲಿ ಮುಕ್ಕಾಲು ಪಾಲು ನಾವೇ, ಹೆಂಗಸರು. ಒಂದು ಕೈಯಲ್ಲಿ ದೆಹಲಿ ಹಪ್ಪಳ, ಇನ್ನೊಂದರಲ್ಲಿ ಪರ್ಸು.

ಆಟ ಚೆನ್ನಾಗಿಯೇ ಇರುತ್ತದೆ. ಮೈಕು ಸಿಕ್ಕಿಸಿಕೊಂಡ ಹುಡುಗ ಕ್ಯಾರೆಟ್ಟು, ಬೀಟ್‌ರೂಟು, ಸೌತೆಕಾಯಿಗಳನ್ನು ಕಣ್ಣು ಮಿಟುಕಿಸುವುದರಲ್ಲಿ ಎಳೆ ಎಳೆಯಾಗಿ ಉದುರಿಸುತ್ತಾನೆ. ಎಣ್ಣೆ ಕಾಣದ ಕಾವಲಿಯ ಮೇಲೆ ದೋಸೆ ತಾನಾಗಿ ಜಾರುತ್ತದೆ. ಆ ಕೈಚಳಕವನ್ನು ಮೆಚ್ಚಲೇಬೇಕು. ನನ್ನ ತಕರಾರು ಒಂದೇ: ಆಟದ ಕೊನೆಯ ಅಂಕವನ್ನು ಯಾರೂ ಆಡುವುದಿಲ್ಲ. ತುರಿಯುವ ತಟ್ಟೆಯ ಸಣ್ಣ ತೂತುಗಳಲ್ಲಿ ಸಿಕ್ಕಿಕೊಂಡ ಬೀಟ್‌ರೂಟಿನ ನಾರು, ಬ್ಲೇಡಿನ ಬುಡದಲ್ಲಿ ಕಚ್ಚಿ ಕೂತ ಕಡಲೆಹಿಟ್ಟು, ಐದು ತಟ್ಟೆ, ಎರಡು ಮುಚ್ಚಳ, ಒಂದು ಬಟ್ಟಲು — ಇವನ್ನೆಲ್ಲ ತೊಳೆಯುವ ಅಂಕ. ಒಮ್ಮೆ ಕೇಳಿಯೇಬಿಟ್ಟೆ: “ಇದನ್ನು ತೊಳೆದು ತೋರಿಸಪ್ಪ.” ಹುಡುಗ ನಕ್ಕ. “ಇಲ್ಲಿ ನಲ್ಲಿ ಎಲ್ಲಿದೆ ಮೇಡಂ? ಅದು ನೀವು ಮನೇಲಿ ಮಾಡ್ಕೊಳ್ಳೋದು.”

ಅವನು ಹೇಳಿದ್ದು ನಿಜವೇ. ಎರಡು ನಿಮಿಷದ ಕೆಲಸವನ್ನು ಯಂತ್ರ ಮಾಡುತ್ತದೆ, ಅದರ ಹಿಂದಿನ ಹತ್ತು ನಿಮಿಷ ನಮ್ಮದು. ಇಬ್ಬರೇ ಇರುವ ಮನೆಯ ಕೋಸಂಬರಿಗೆ ಈಳಿಗೆಮಣೆಯೇ ವಾಸಿ ಎಂದು ನಾನು ಹೇಳುವುದು ಹಳೆಯದರ ಮೋಹದಿಂದಲ್ಲ, ಲೆಕ್ಕ ಹಾಕಿ.

ಹಾಗೆಂದು ಯಂತ್ರಗಳ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ಮಿಕ್ಸಿಯ ಹುಟ್ಟನ್ನೇ ನೋಡಿ. 1960ರ ದಶಕದಲ್ಲಿ ಮಾಧುರಿ ಮಾಥುರ್ ಎಂಬ ಗೃಹಿಣಿಯ ವಿದೇಶಿ ಮಿಕ್ಸರ್ ಕೆಟ್ಟಿತು. ಎಂಜಿನಿಯರಾಗಿದ್ದ ಗಂಡ ಸತ್ಯಪ್ರಕಾಶ್ ಮಾಥುರ್, ನಮ್ಮ ಬೇಳೆ, ಅರಿಸಿನ, ಒಣಕೊಬ್ಬರಿಗಳನ್ನು ತಾಳಿಕೊಳ್ಳುವ ಮೋಟಾರು ಕೂಡಿಸಿ ‘ಸುಮೀತ್’ ತಯಾರಿಸಿದರು. ಅಡುಗೆಮನೆಯ ದೂರನ್ನು ಕಿವಿಗೊಟ್ಟು ಕೇಳಿದ್ದರಿಂದ ಹುಟ್ಟಿದ ಯಂತ್ರ ಅದು. ಮಾರಾಟಗಾರನ ತಲೆಯಲ್ಲಿ ಮೊಳೆತದ್ದಲ್ಲ. ಆದರೂ ಇಡ್ಲಿ ಹಿಟ್ಟಿಗೆ ಮಿಕ್ಸಿ ಸಾಲದು. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಬ್ಲೇಡಿಗೆ ಉದ್ದಿನಹಿಟ್ಟು ಬಿಸಿಯಾಗುತ್ತದೆ, ಒದಗುವುದಿಲ್ಲ. ಕಲ್ಲು ನಿಧಾನವಾಗಿ ಅರೆಯುವುದರಿಂದ ಹಿಟ್ಟಿಗೆ ಗಾಳಿ ಸೇರಿ ಉಬ್ಬುತ್ತದೆ. ಕೊಯಮತ್ತೂರಿನ ಗ್ರೈಂಡರಿನ ಕೀರ್ತಿ ಸುಮ್ಮನೆ ಬಂದದ್ದಲ್ಲ. ಕೊಳ್ಳುವ ಮುನ್ನ ನೋಡಬೇಕಾದದ್ದು ಅದರ ವ್ಯಾಟು ಮಾತ್ರವಲ್ಲ, ಹಿಟ್ಟು ತುಂಬಿದ ಆ ಪಾತ್ರೆಯನ್ನು ನೀವೊಬ್ಬರೇ ಎತ್ತಬಲ್ಲಿರಾ ಎಂಬುದನ್ನೂ.

ಕುಕ್ಕರಿನ ವಿಷಯದಲ್ಲಿ ನನಗೆ ಎರಡು ಮಾತಿಲ್ಲ. ಮೈಸೂರು ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಮೇಲಿದೆ. ಇಲ್ಲಿ ನೀರು 100 ಡಿಗ್ರಿ ಮುಟ್ಟುವ ಮೊದಲೇ, 97ರ ಆಸುಪಾಸಿನಲ್ಲಿ, ಕುದಿದುಬಿಡುತ್ತದೆ. ಮಂಗಳೂರಿನಿಂದ ಬಂದ ಸೊಸೆ “ಇಲ್ಲಿಯ ಬೇಳೆ ಬೇಯೋದೇ ಇಲ್ಲ” ಎಂದರೆ ಅದು ತೌರಿನ ಅಭಿಮಾನವಷ್ಟೇ ಅಲ್ಲ. ಕುಕ್ಕರಿನ ಒತ್ತಡದಲ್ಲಿ ಶಾಖ 120 ಡಿಗ್ರಿಯವರೆಗೆ ಏರುತ್ತದೆ. 2021ರ ಫೆಬ್ರವರಿಯಿಂದ ಕುಕ್ಕರಿಗೆ ಐ.ಎಸ್.ಐ. ಗುರುತು ಕಡ್ಡಾಯ. ಆ ಗುರುತು ನೋಡಿ, ಜೊತೆಗೆ ಅದರ ಗ್ಯಾಸ್ಕೆಟ್ಟು, ಸೇಫ್ಟಿ ವಾಲ್ವು ಊರೊಳಗೇ ಸಿಗುತ್ತವೆಯೇ ಎಂದು ವಿಚಾರಿಸಿ. ಜಾರುವ ಕಾವಲಿಗೂ ಒಂದು ಮಿತಿ ಉಂಟು. ಶಾಖ 260 ಡಿಗ್ರಿ ದಾಟಿದರೆ ಅದರ ಲೇಪ ಕೆಡತೊಡಗುತ್ತದೆ. ಖಾಲಿ ಕಾವಲಿಯನ್ನು ದೊಡ್ಡ ಉರಿಯಲ್ಲಿಟ್ಟು ಫೋನಿನಲ್ಲಿ ಮಾತಿಗೆ ನಿಂತರೆ ಆ ಮಿತಿ ದೂರವೇನಲ್ಲ. ಮಳಿಗೆಯ ಹುಡುಗ ಇದನ್ನೂ ಹೇಳುವುದಿಲ್ಲ.

ಈಗ ಇನ್ನೊಂದು ಬಗೆಯ ಮಳಿಗೆ ಬಂದಿದೆ. ಎರಕದ ಕಬ್ಬಿಣದ ಕಾವಲಿ, ಬಳಪದ ಕಲ್ಲಿನ ಪಾತ್ರೆ, ಹಿತ್ತಾಳೆಯ ಕೊಳಗ. “ಅಜ್ಜಿಯ ಕೈರುಚಿ ಮರಳಿ ಬಂತು” ಎಂಬ ಧಾಟಿಯ ವ್ಯಾಪಾರ. ರುಚಿ ಸುಳ್ಳಲ್ಲ: ಬಳಪದ ಕಲ್ಲಿನಲ್ಲಿ ಹುಳಿ ಇಳಿಸಿದ ಮೇಲೂ ಬಹಳ ಹೊತ್ತು ಬಿಸಿಯಾಗಿರುತ್ತದೆ, ಕಬ್ಬಿಣದ ಮೇಲಿನ ದೋಸೆಯ ಗರಿ ಬೇರೆಯದೇ. ಆದರೆ ಹಿತ್ತಾಳೆಗೆ ಕಲಾಯಿ ಇಲ್ಲದೆ ಹುಣಿಸೆ ಹಾಕುವಂತಿಲ್ಲ, ಬೀದಿಯಲ್ಲಿ ಕೂಗುತ್ತ ಬರುವ ಕಲಾಯಿಯವರು ಈಗ ಅಪರೂಪ. ಇದನ್ನು ಹೇಳದೆ ಕೊಳಗ ಮಾರುವುದು ಅರ್ಧ ವ್ಯಾಪಾರ.

ನಮ್ಮ ಅತ್ತಿಗೆಗೆ ಅರವತ್ತೆರಡು, ಬಲಗೈ ಮಣಿಕಟ್ಟಿನಲ್ಲಿ ನೋವು. ಆರೋಗ್ಯಕ್ಕೆ ಒಳ್ಳೆಯದೆಂದು ಮಗ ಪ್ರೀತಿಯಿಂದ ಎರಕದ ಕಾವಲಿ ತಂದುಕೊಟ್ಟ. ನಾನು ಹೋದಾಗಲೆಲ್ಲ ಒಳಗಿನಿಂದ ದನಿ ಬರುತ್ತದೆ: “ಬಂದ್ಯಾ? ಆ ಕಾವಲಿ ಸ್ವಲ್ಪ ಇಳಿಸಿಕೊಡಮ್ಮ.” ಅಣ್ಣ ಹಜಾರದಲ್ಲಿ ನಾಲ್ಕನೆಯ ದೋಸೆ ಮುಗಿಸಿ, ಅಂಥ ದೋಸೆ ಬೇರೆ ಯಾವುದರಲ್ಲೂ ಬರುವುದಿಲ್ಲ ಎನ್ನುತ್ತಾನೆ. ಹೊಗಳುವ ನಾಲಿಗೆ ಒಬ್ಬರದು, ಎತ್ತುವ ಕೈ ಇನ್ನೊಬ್ಬರದು. ಜಿಯೋ ಬೇಬಿ ನಿರ್ದೇಶಿಸಿದ ‘ದಿ ಗ್ರೇಟ್ ಇಂಡಿಯನ್ ಕಿಚನ್’ (2021) ಮಲಯಾಳಂ ಚಿತ್ರದಲ್ಲಿ ಮಾವನವರು ಮೆಲುದನಿಯಲ್ಲೇ ಕೇಳುತ್ತಾರೆ: ಅನ್ನ ಕುಕ್ಕರಿನದು ಬೇಡ, ಒಲೆಯದಾಗಲಿ, ಚಟ್ನಿ ಕಲ್ಲಿನಲ್ಲಿ ಅರೆದದ್ದಾಗಲಿ. ಆ ಚಿತ್ರ ಸೋರುವ ಸಿಂಕನ್ನೂ ಅದರ ಕೊಳಚೆಯನ್ನೂ ಮತ್ತೆ ಮತ್ತೆ ತೋರಿಸುತ್ತದೆ. ನೋಡಲು ಬೇಸರವಾಯಿತೆಂದು ಕೆಲವು ಗಂಡಸರು ನನ್ನೆದುರಿಗೇ ಹೇಳಿದ್ದಾರೆ. ಬೇಸರವಾಗಬೇಕಾದದ್ದೇ.

ವಸ್ತುಪ್ರದರ್ಶನ ಪ್ರಾಧಿಕಾರಕ್ಕೆ ನನ್ನದೊಂದು ಕೋರಿಕೆ. ಅಡುಗೆ ಸಾಮಾನಿನ ಸಾಲಿಗೆ ಒಂದು ನಲ್ಲಿ, ಒಂದು ತೊಟ್ಟಿ, ಪಕ್ಕದಲ್ಲೊಂದು ತಕ್ಕಡಿ ಹಾಕಿಸಿಕೊಡಲಿ. ಕತ್ತರಿಸಿ ತೋರಿಸಿದವರು ತೊಳೆದೂ ತೋರಿಸಲಿ, ಕಾವಲಿಯ ಬೆಲೆಯ ಕೆಳಗೆ ಅದರ ತೂಕವನ್ನೂ ಬರೆಯಲಿ. ಮನೆಯ ಗಂಡಸರು ಜೊತೆಗೆ ಬಂದಿದ್ದರೆ ಅವರೂ ಒಮ್ಮೆ ಒಂದು ಕೈಯಲ್ಲಿ ಎತ್ತಿ ನೋಡಲಿ.