ಮನೆಯ ಬಾಕ್ಸಿಗೆ ಗೊತ್ತಿರುವ ಭಾಷೆ

ದೂರದರ್ಶನದ ಫ್ರೀ ಡಿಶ್‌ಗೆ ತಿಂಗಳ ಬಾಡಿಗೆ ಇಲ್ಲ. ಒಮ್ಮೆ ಡಿಶ್ಶು, ಬಾಕ್ಸು ಕೊಂಡು ಕೂರಿಸಿಕೊಂಡರೆ ಆಯಿತು. 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಶುರುವಾದ ಈ ಸೇವೆಯಲ್ಲಿ ಖಾಸಗಿ ಚಾನೆಲ್‌ಗಳಿಗೆ ಬೇಕಾದ ಜಾಗವನ್ನು ಪ್ರಸಾರ ಭಾರತಿ ಹರಾಜು ಹಾಕುತ್ತದೆ. ವಿಡಿಯೊ ಕುಗ್ಗಿಸುವ ವಿಧಾನಕ್ಕೆ ತಕ್ಕಂತೆ ಜಾಗದಲ್ಲಿ ಎರಡು ಬಗೆ, ಎಂಪೆಗ್-2 ಮತ್ತು ಎಂಪೆಗ್-4. ಮೊದಲನೆಯದು 1990ರ ದಶಕದ ನಡುವಿನದು. ಎರಡನೆಯದರ ಹಿಂದಿರುವ ಎಚ್.264 ಎಂಬ ವಿಧಾನ 2003ರದು, ಅಷ್ಟೇ ಚೆಂದದ ಚಿತ್ರವನ್ನು ಹೆಚ್ಚುಕಡಿಮೆ ಅರ್ಧ ಜಾಗದಲ್ಲಿ ಕಳಿಸಬಲ್ಲದು. ಆದರೂ ಚಾನೆಲ್‌ಗಳು ಕೋಟಿಗಟ್ಟಲೆ ಹಣ ಕಟ್ಟಿ ಪೈಪೋಟಿಗೆ ಇಳಿಯುವುದು ಹಳೆಯ ಎಂಪೆಗ್-2 ಜಾಗಕ್ಕೇ. ಹೊಸದರ ಬೆಲೆ ಅದಕ್ಕಿಂತ ಎಷ್ಟೋ ಕಡಿಮೆ.

ಈ ಬೆಲೆಯನ್ನು ನಿಗದಿ ಮಾಡುತ್ತಿರುವುದು ಹಳ್ಳಿಮನೆಗಳ ಟಿವಿಯ ಪಕ್ಕ ಕೂತಿರುವ ಬಾಕ್ಸು. ಅಗ್ಗದ ಹಳೆಯ ಬಾಕ್ಸಿನ ಚಿಪ್‌ನಲ್ಲಿ ಎಂಪೆಗ್-2 ಬಿಡಿಸುವ ಸರ್ಕ್ಯೂಟನ್ನಷ್ಟೇ ಕೊರೆದಿರುತ್ತಾರೆ. ಫೋನಿಗೆ ಆ್ಯಪ್ ಹಾಕಿದಂತೆ ಅದಕ್ಕೆ ಹೊಸ ವಿದ್ಯೆ ಕಲಿಸಲಾಗದು. ಎಂಪೆಗ್-4 ಚಾನೆಲ್ ಬಂದರೆ ಆ ಮನೆಯಲ್ಲಿ ಪರದೆ ಕಪ್ಪು. ಹಳೆಯ ಫಾರ್ಮ್ಯಾಟ್ ಏಕೆ ಸಾಯುವುದಿಲ್ಲ ಎಂಬುದಕ್ಕೆ ಎಂಜಿನಿಯರುಗಳ ಸೋಮಾರಿತನವನ್ನು ಕಾರಣವಾಗಿ ಹೇಳುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಕಳಿಸುವವರ ಯಂತ್ರ ಒಂದೇ ಕಡೆ ಇರುತ್ತದೆ, ಒಂದು ರಾತ್ರಿಯಲ್ಲಿ ಬದಲಾಯಿಸಬಹುದು. ನೋಡುವವರ ಯಂತ್ರ ಲಕ್ಷಾಂತರ ಮನೆಗಳಲ್ಲಿದೆ, ಅದಕ್ಕೆ ಅವರೇ ದುಡ್ಡು ಕೊಟ್ಟಿದ್ದಾರೆ.

ಆ ಬಾಕ್ಸು ಮಾಡುವ ಕೆಲಸ ಸಣ್ಣದೇನಲ್ಲ. ನಮ್ಮ ಹಳೆಯ ಟಿವಿಯ 720×576 ಚುಕ್ಕಿಗಳ ಚಿತ್ರ ಸೆಕೆಂಡಿಗೆ ಇಪ್ಪತ್ತೈದು ಸಲ ಬದಲಾದರೆ, ಕುಗ್ಗಿಸದೆ ಕಳಿಸಲು ಸೆಕೆಂಡಿಗೆ 12 ಕೋಟಿ ಬಿಟ್‌ಗೂ ಹೆಚ್ಚು ಬೇಕು. ಎಂಪೆಗ್-2 ಅದನ್ನು ಮೂವತ್ತು ನಲವತ್ತು ಲಕ್ಷಕ್ಕೆ ಇಳಿಸುತ್ತದೆ. ಇಡೀ ಚಿತ್ರವನ್ನು ಆಗೊಮ್ಮೆ ಈಗೊಮ್ಮೆ ಮಾತ್ರ ಕಳಿಸಿ, ನಡುವಿನ ಚಿತ್ರಗಳಲ್ಲಿ ಯಾವ ಚೌಕ ಎತ್ತ ಸರಿಯಿತು, ಎಷ್ಟು ಬದಲಾಯಿತು ಎಂಬುದನ್ನಷ್ಟೇ ಹೇಳುತ್ತದೆ. ಕ್ಯಾಮೆರಾ ನಿಧಾನವಾಗಿ ತಿರುಗುವಾಗ ಈ ಲೆಕ್ಕ ಸಲೀಸು. ಮಳೆ, ಜಲಪಾತ, ಮಂಟಪದಲ್ಲಿ ಎರಚಿದ ಅಕ್ಷತೆ ಬಂದಾಗ ಪ್ರತಿ ಕಾಳೂ ತನ್ನದೇ ದಾರಿ ಹಿಡಿಯುತ್ತದೆ. ಊಹೆ ಕೆಡುತ್ತದೆ, ಚಿತ್ರ ಚೌಕಳಿ ಚೌಕಳಿಯಾಗಿ ಒಡೆಯುತ್ತದೆ.

ಈ ಚೌಕಗಳ ಮೂಲದಲ್ಲಿ ಬೆಂಗಳೂರಿನ ಒಬ್ಬರಿದ್ದಾರೆ. ಎಂಟು ಚುಕ್ಕಿ ಅಗಲ, ಎಂಟು ಚುಕ್ಕಿ ಎತ್ತರದ ತುಣುಕನ್ನು ಒರಟು ಮತ್ತು ನವಿರು ಏರಿಳಿತಗಳಾಗಿ ಬಿಡಿಸಿ, ಕಣ್ಣಿಗೆ ಬೇಡವಾದ ನವಿರನ್ನು ಕೈಬಿಡಲು ಅನುವು ಮಾಡಿಕೊಡುವ ಗಣಿತಕ್ಕೆ ಡಿಸಿಟಿ ಎನ್ನುತ್ತಾರೆ. ಅದನ್ನು ರೂಪಿಸಿದವರು 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಈಗ ಯುವಿಸಿಇ ಎಂದು ಕರೆಯುವ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ ಅಮೆರಿಕಕ್ಕೆ ಹೋದ ನಾಸಿರ್ ಅಹ್ಮದ್. 1972ರಲ್ಲಿ ಈ ಸಂಶೋಧನೆಗೆ ಅವರು ಕೇಳಿದ ಅನುದಾನ ಸಿಗಲಿಲ್ಲ. ಆದರೂ ಬಿಡದೆ ಟಿ. ನಟರಾಜನ್, ಕೆ. ಆರ್. ರಾವ್ ಅವರೊಂದಿಗೆ 1974ರ ಜನವರಿಯಲ್ಲಿ ಪ್ರಬಂಧ ಪ್ರಕಟಿಸಿದರು. ಎಂಪೆಗ್-2ರ ಒಳಗಿರುವುದು ಅದೇ. ಎಚ್.264, ಅದರ ನಂತರದ ಎಚ್‌ಇವಿಸಿ, ಈಚಿನ ಎವಿ1 ಎಲ್ಲದರಲ್ಲೂ ಅದರ ವಂಶವೇ ಇದೆ. ಹಳತು ಹೊಸತು ಎಂದು ನಾವು ಗೆರೆ ಎಳೆಯುವಾಗ ಇದು ನೆನಪಿರಬೇಕು.

ಹಳೆಯದು ಬಾಳಿದ್ದಕ್ಕೆ ಇನ್ನೊಂದು ಕಾರಣವಿದೆ. ನನಗೆ ಬಹಳ ಮೆಚ್ಚುಗೆಯಾದದ್ದೂ ಅದೇ. ಎಂಪೆಗ್ ಮಾನಕ ಕುಗ್ಗಿಸುವ ಬಗೆಯನ್ನು ಕಟ್ಟುಪಾಡು ಮಾಡುವುದಿಲ್ಲ, ಬಿಡಿಸುವ ಬಗೆಯನ್ನು ಮಾತ್ರ ಖಚಿತಪಡಿಸುತ್ತದೆ. ಕಳಿಸುವ ಕಡೆಯವರು ವರ್ಷದಿಂದ ವರ್ಷಕ್ಕೆ ಜಾಣತನ ಹೆಚ್ಚಿಸಿಕೊಳ್ಳಬಹುದು, ಮನೆಯ ಬಾಕ್ಸು ಬದಲಾಗಬೇಕಿಲ್ಲ. ಹಾಗಾಗಿ ಹಳೆಯ ಬಾಕ್ಸಿನಲ್ಲಿ ಚಿತ್ರ ಕಾಲಕ್ರಮೇಣ ಸುಧಾರಿಸಿದ್ದೂ ಉಂಟು. ಬಡವನ ಯಂತ್ರದ ಮೇಲೆ ಹೊರೆ ಹಾಕದೆ ಕೇಂದ್ರದಲ್ಲಿ ಕಷ್ಟಪಡುವ ಈ ವಿನ್ಯಾಸ ಬಹಳ ಮಾನವೀಯವಾದದ್ದು.

ಹೊಸದರ ಕಡೆಯವರು ತಮ್ಮ ದಾರಿಗೆ ತಾವೇ ಮುಳ್ಳು ಹಾಕಿಕೊಂಡರು. 2013ರಲ್ಲಿ ಬಂದ ಎಚ್‌ಇವಿಸಿ, ಎಚ್.264 ಕೇಳುವ ಬಿಟ್‌ಗಳನ್ನು ಮತ್ತೆ ಸುಮಾರು ಅರ್ಧಕ್ಕೆ ಇಳಿಸಿತು. ಆದರೆ ಅದರ ಪೇಟೆಂಟ್ ಶುಲ್ಕವನ್ನು ಕಟ್ಟುವ ಕಿಟಕಿ ಒಂದಾಗಿರಲಿಲ್ಲ. ಎಂಪೆಗ್ ಎಲ್ಎ 2014ರಲ್ಲಿ, ಎಚ್‌ಇವಿಸಿ ಅಡ್ವಾನ್ಸ್ 2015ರಲ್ಲಿ, ವೆಲೋಸ್ ಮೀಡಿಯಾ 2017ರಲ್ಲಿ ಬೇರೆ ಬೇರೆ ಗುಂಪು ಕಟ್ಟಿ ಬೇರೆ ಬೇರೆ ದರ ಕೇಳಿದವು. ಯಾವ ಗುಂಪಿಗೂ ಸೇರದೆ ಹೊರಗುಳಿದ ಪೇಟೆಂಟ್‌ದಾರರೂ ಇದ್ದರು. ಒಟ್ಟು ಎಷ್ಟು ಕಟ್ಟಬೇಕೆಂದು ತಿಳಿಯದ ವ್ಯಾಪಾರಿ, ದರ ಗೊತ್ತಿರುವ ಹಳೆಯ ಅಂಗಡಿಗೇ ಹೋಗುತ್ತಾನೆ. ಎಂಪೆಗ್ ಕೂಟದ ಸ್ಥಾಪಕ ಲಿಯೊನಾರ್ಡೊ ಕಿಯಾರಿಲಿಯೊನೆ ಅವರೇ 2018ರಲ್ಲಿ ಈ ವ್ಯವಸ್ಥೆ ಬಿಕ್ಕಟ್ಟಿನಲ್ಲಿದೆ ಎಂದು ಬಹಿರಂಗವಾಗಿ ಬರೆದರು. ಗೂಗಲ್, ನೆಟ್‌ಫ್ಲಿಕ್ಸ್, ಮೊಜಿಲ್ಲಾ ಮೊದಲಾದವರು ಸೇರಿ ಶುಲ್ಕವಿಲ್ಲದ ಎವಿ1 ತಂದದ್ದೂ ಅದೇ ವರ್ಷ. ಎಂಪೆಗ್-2ಕ್ಕೆ ಅಮೆರಿಕದಲ್ಲಿದ್ದ ಕೊನೆಯ ಪೇಟೆಂಟ್ ಅವಧಿ ಮುಗಿದದ್ದೂ 2018ರಲ್ಲೇ. ಮುಪ್ಪಿನಲ್ಲಿ ಅದು ಪುಕ್ಕಟೆಯಾಯಿತು.

ಎಚ್.264ರ ಬೇರು ಇನ್ನೂ ಆಳದಲ್ಲಿದೆ. ಕ್ರೋಮ್ ಬ್ರೌಸರಿನಿಂದ ಅದನ್ನು ತೆಗೆಯುತ್ತೇವೆಂದು 2011ರಲ್ಲಿ ಗೂಗಲ್ ಸಾರಿತು, ತೆಗೆಯಲಿಲ್ಲ. 2017ರಿಂದ ಎಚ್‌ಇವಿಸಿಯಲ್ಲಿ ಚಿತ್ರೀಕರಿಸತೊಡಗಿದ ಐಫೋನಿನ ಸೆಟ್ಟಿಂಗ್‌ನಲ್ಲಿ ‘ಎಲ್ಲೆಡೆ ಹೊಂದುವ’ ಎಂಬರ್ಥದ ಇನ್ನೊಂದು ಆಯ್ಕೆ ಇದೆ, ಅದನ್ನು ಒತ್ತಿದರೆ ಸಿಗುವುದು ಎಚ್.264. ಮದುವೆ ವಿಡಿಯೊ ಮಾಡುವವರು ಪೆನ್‌ಡ್ರೈವ್ ಕೊಡುವಾಗಲೂ ಅದನ್ನೇ ಆರಿಸುತ್ತಾರೆ. ಗಿರಾಕಿಯ ಟಿವಿ ಯಾವುದೋ ಅವರಿಗೆ ಗೊತ್ತಿರುವುದಿಲ್ಲವಲ್ಲ.

ಇಷ್ಟು ಹೇಳಿದ ಮೇಲೆ ಆಕ್ಷೇಪವನ್ನೂ ಹೇಳಬೇಕು. ಫ್ರೀ ಡಿಶ್‌ನಲ್ಲಿ ಒಂದು ಎಂಪೆಗ್-2 ಚಾನೆಲ್ ಹಿಡಿಯುವ ಜಾಗದಲ್ಲಿ ಎರಡು ಹೊಸ ಬಗೆಯವು ಕೂರಬಹುದಿತ್ತು. ಜಾಗ ಇಕ್ಕಟ್ಟಾದಾಗ ಹರಾಜು ಏರುತ್ತದೆ. ಏರಿದ ಹರಾಜಿನಲ್ಲಿ ದೊಡ್ಡ ಜಾಹೀರಾತು ಮಾರುಕಟ್ಟೆ ಇರುವವರು ಗೆಲ್ಲುತ್ತಾರೆ. ಅಲ್ಲಿನ ಖಾಸಗಿ ಚಾನೆಲ್‌ಗಳಲ್ಲಿ ಹಿಂದಿಯ ಮನರಂಜನೆ, ಸಿನಿಮಾ, ಸುದ್ದಿಯವೇ ಹೆಚ್ಚು. ಕನ್ನಡದ ಮನೆಗೆ ಚಂದನ ಬರುತ್ತದೆ, ಅದರಾಚೆ ಆಯ್ಕೆ ಕಿರಿದು. ಹಳೆಯ ಬಾಕ್ಸಿನ ಮನೆಯನ್ನು ಕಾಪಾಡುವ ನೀತಿಯೇ ಆ ಮನೆಗೆ ಅದರ ಭಾಷೆಯಲ್ಲಿ ಸಿಗಬಹುದಾದದ್ದನ್ನು ಕಡಿಮೆ ಮಾಡುತ್ತಿದೆ. ಅಮೆರಿಕ 2009ರಲ್ಲಿ ಅನಲಾಗ್ ಪ್ರಸಾರ ನಿಲ್ಲಿಸುವ ಮುನ್ನ, ಕೇಳಿದ ಮನೆಗಳಿಗೆ ತಲಾ 40 ಡಾಲರಿನ ಎರಡು ಕೂಪನ್‌ಗಳವರೆಗೆ ಕೊಟ್ಟು ಪರಿವರ್ತಕ ಬಾಕ್ಸು ಕೊಳ್ಳಲು ನೆರವಾಯಿತು. ತಾಂತ್ರಿಕ ಬದಲಾವಣೆ ಬೇಕಿರುವವರು ಅದರ ಖರ್ಚನ್ನೂ ಹೊರಬೇಕು. ಹರಾಜಿನಿಂದ ಬರುವ ಹಣದಲ್ಲಿ ಒಂದು ಪಾಲು ಬಾಕ್ಸು ಬದಲಿಸಲು ಹೋಗಲಿ, ದಿನಾಂಕವನ್ನೂ ಮೊದಲೇ ಹೇಳಲಿ. ಬಾಕ್ಸು ಹಳೆಯದು ಎಂಬ ನೆವದಲ್ಲಿ ಸುಮ್ಮನಿರುವುದನ್ನು ನಾನು ಒಪ್ಪಲಾರೆ.

ಹೊಸದಕ್ಕೆ ಬದಲಾಯಿಸುವುದರಲ್ಲೇ ನಷ್ಟವಾಗುವ ಕಡೆಯೂ ಒಂದಿದೆ. ಅಕ್ಕನ ಮದುವೆಯ ಡಿವಿಡಿಯನ್ನು ಪೆನ್‌ಡ್ರೈವ್‌ಗೆ ಹಾಕಿಸಲು ಒಂದು ಅಂಗಡಿಗೆ ಕೊಟ್ಟಿದ್ದೆ. ಡಿವಿಡಿಯಲ್ಲಿರುವುದೂ ಎಂಪೆಗ್-2, ಸೆಕೆಂಡಿಗೆ 98 ಲಕ್ಷ ಬಿಟ್‌ವರೆಗೆ ಹಿಡಿಯಬಲ್ಲದು. ಅಂಗಡಿಯವರು ಹೊಸ ಫಾರ್ಮ್ಯಾಟಿಗೆ ತಿರುಗಿಸಿ ಫೈಲನ್ನು ಕಾಲುಭಾಗಕ್ಕೆ ಇಳಿಸಿ ಕೊಟ್ಟರು. ಒಮ್ಮೆ ಕೈಬಿಟ್ಟ ನವಿರು ಮತ್ತೆ ಬಾರದು, ಎರಡನೆಯ ಸಲ ಕುಗ್ಗಿಸಿದಾಗ ಉಳಿದದ್ದರಲ್ಲೂ ಇನ್ನಷ್ಟು ಹೋಗುತ್ತದೆ. ಧಾರೆಯ ಹೊತ್ತಿನ ಅಕ್ಷತೆ ಅದರಲ್ಲಿ ಬರೀ ಮಂಜಿನಂತೆ ಕಂಡಿತು, ಅಜ್ಜಿಯ ಸೀರೆಯ ಅಂಚು ಕದಡಿತ್ತು. ಪುಣ್ಯಕ್ಕೆ ಡಿಸ್ಕ್ ಇನ್ನೂ ಓದುತ್ತಿತ್ತು. ಫೈಲುಗಳನ್ನು ಇದ್ದ ಹಾಗೆಯೇ ಕಂಪ್ಯೂಟರಿಗೆ ನಕಲು ಮಾಡಿಕೊಂಡು ವಿಎಲ್‌ಸಿಯಲ್ಲಿ ತೆರೆದೆ. ಅಲ್ಲಲ್ಲಿ ಚೌಕಳಿ ಇದ್ದರೂ ಅಕ್ಷತೆ ಕಾಳು ಕಾಳಾಗಿ ಬೀಳುತ್ತಿತ್ತು.