ವಾತ್ಸಲ್ಯದ ಎಲ್ಲೆ: ‘ಬ್ಯಾಂಡ್ ಆಫ್ ಬ್ರದರ್ಸ್’ ಒಂದು ವಿಮರ್ಶೆ

ಅಮೆರಿಕದ ಇತಿಹಾಸಕಾರ ಸ್ಟೀಫನ್ ಆಂಬ್ರೋಸ್ ಅವರ ‘ಬ್ಯಾಂಡ್ ಆಫ್ ಬ್ರದರ್ಸ್’ 1992ರಲ್ಲಿ ಪ್ರಕಟವಾಯಿತು. 2001ರಲ್ಲಿ ಹತ್ತು ಕಂತುಗಳ ದೂರದರ್ಶನ ಸರಣಿಯಾಗಿ ಲೋಕಪ್ರಸಿದ್ಧವಾಯಿತು. ಎರಡನೆಯ ಮಹಾಯುದ್ಧದಲ್ಲಿ ಪ್ಯಾರಾಚೂಟ್ ಕಟ್ಟಿಕೊಂಡು ಶತ್ರುನೆಲಕ್ಕೆ ಧುಮುಕಿದ ‘ಈಸಿ ಕಂಪನಿ’ ಎಂಬ ಪಡೆಯ ಕಥನವಿದು. ಅಹಿಂಸೆಯೇ ಪರಮಧರ್ಮವೆಂದು ನಂಬಿದವರಿಗೆ ಇಂಥ ಗ್ರಂಥದಿಂದ ಆಗಬೇಕಾದುದೇನು ಎಂಬ ಪ್ರಶ್ನೆ ಸಹಜವೇ. ಆದರೆ ಸಮ್ಯಗ್ದರ್ಶನದ ಎಂಟು ಅಂಗಗಳಲ್ಲೊಂದಾದ ವಾತ್ಸಲ್ಯವನ್ನು ಕುರಿತು ಚಿಂತಿಸುವವರಿಗೆ ಇದರಲ್ಲಿ ಸಾಮಗ್ರಿಯುಂಟು. ಗ್ರಂಥಕರ್ತರು ಗಮನಿಸದೆ ಬಿಟ್ಟೆಡೆಯಲ್ಲಿ ಇನ್ನೂ ಹೆಚ್ಚಾಗಿ ಉಂಟು.

1944ರ ಜೂನ್ 6ರ ನಾರ್ಮಂಡಿಯ ಸಾಹಸವನ್ನೂ ಅದೇ ಡಿಸೆಂಬರಿನ ಬಾಸ್ಟೋನ್ ಮುತ್ತಿಗೆಯನ್ನೂ ಎಲ್ಲರೂ ಕೊಂಡಾಡುತ್ತಾರೆ. ಗ್ರಂಥದ ನಿಜವಾದ ಸಾರವಿರುವುದು 1945ರ ಫೆಬ್ರವರಿಯ ಹಾಗೆನೌ ಪ್ರಸಂಗದಲ್ಲಿ. ಫ್ರಾನ್ಸಿನ ಆ ಊರಿನಲ್ಲಿ ಮೋಡರ್ ನದಿಯ ಈಚೆಗೆ ಅಮೆರಿಕನ್ನರು, ಆಚೆಗೆ ಜರ್ಮನರು. ಒಂದು ರಾತ್ರಿ ನದಿ ದಾಟಿದ ಕಾವಲುತಂಡ ಸೆರೆಯಾಳುಗಳನ್ನು ಹಿಡಿದು ತಂದಿತು. ತಂಡದ ಒಬ್ಬ ಯುವಕ ಗಾಯಗೊಂಡು ಸತ್ತನು. ಸಂತುಷ್ಟರಾದ ಕರ್ನಲ್ ಸಿಂಕ್ ಮರುರಾತ್ರಿಯೂ ಹಾಗೆಯೇ ಹೋಗಬೇಕೆಂದು ಆಜ್ಞಾಪಿಸಿದರು. ಬೆಟಾಲಿಯನ್ನಿನ ಹೊಣೆ ಹೊತ್ತಿದ್ದ ರಿಚರ್ಡ್ ವಿಂಟರ್ಸ್ ಎದುರಾಡದೆ ಒಪ್ಪಿಕೊಂಡರು. ಅನಂತರ ತಮ್ಮವರಿಗೆ, ಯಾರೂ ಹೋಗಬೇಕಾಗಿಲ್ಲ, ಮಲಗಿ ನಿದ್ರಿಸಿ ಎಂದರು. ಮೇಲಧಿಕಾರಿಗೆ ಹೋದುದು ಸುಳ್ಳು ವರದಿ.

ಆಂಬ್ರೋಸ್ ಇದನ್ನು ಮೆಚ್ಚುಗೆಯಿಂದ ಹೇಳಿ ಮುಂದೆ ನಡೆಯುತ್ತಾರೆ. ಜೈನ ಓದುಗನು ಇಲ್ಲಿ ನಿಲ್ಲಲೇಬೇಕು. ಜೀವಘಾತಕವಾದ ನುಡಿ ಸತ್ಯವ್ರತಕ್ಕೆ ಸಲ್ಲದೆಂದೂ ಉಳಿದ ವ್ರತಗಳೆಲ್ಲ ಅಹಿಂಸೆಯೆಂಬ ಪೈರಿಗೆ ಬೇಲಿಯೆಂದೂ ನಮ್ಮ ಆಚಾರ್ಯರು ತಿಳಿಸಿದ್ದಾರೆ. ಆ ದೃಷ್ಟಿಯಿಂದ ಕಂಡರೆ ಆ ರಾತ್ರಿ ಉಳಿದುದು ಈಚೆ ದಡದ ಪ್ರಾಣಗಳಷ್ಟೇ ಅಲ್ಲ. ಆಚೆ ದಡದ ಜರ್ಮನ್ ಹುಡುಗರೂ ಉಳಿದಿರಬಹುದು. ಗ್ರಂಥಕರ್ತರಿಗೆ ಇದು ಹೊಳೆದಂತಿಲ್ಲ. ಅವರ ಸೋದರಭಾವ ನದಿಯ ಈಚೆಗೇ ಮುಗಿಯುತ್ತದೆ.

ಈ ಪ್ರಸಂಗವನ್ನು ಓದುವಾಗ ವಿಷ್ಣುಕುಮಾರ ಮುನಿಗಳ ಕಥೆ ನೆನಪಾಗದಿರದು. ಹಸ್ತಿನಾಪುರದಲ್ಲಿ ಬಲಿಯ ಉಪಸರ್ಗಕ್ಕೆ ಸಿಲುಕಿದ ಅಕಂಪನಾಚಾರ್ಯರ 700 ಮುನಿಗಳ ಸಂಘವನ್ನು ಕಾಯಲು ಅವರು ಮುನಿಪದವನ್ನು ಬದಿಗಿಟ್ಟು ವಾಮನರೂಪ ತಾಳಿದರು. ಆದರೆ ಕಾರ್ಯವಾದ ಬಳಿಕ ಪ್ರಾಯಶ್ಚಿತ್ತ ಕೈಕೊಂಡರು. ಸದುದ್ದೇಶದಿಂದಾದರೂ ಕೆಟ್ಟ ವ್ರತ ಕೆಟ್ಟದ್ದೇ ಎಂಬ ಎಚ್ಚರ ಅಲ್ಲಿದೆ. ಆಂಬ್ರೋಸ್ ಅವರ ಕಥನದಲ್ಲಿ ನಾಯಕನ ಸುಳ್ಳಿಗೆ ಪ್ರಶಂಸೆಯುಂಟು, ಪರಾಮರ್ಶೆಯಿಲ್ಲ.

ಇದಕ್ಕಿಂತ ದೊಡ್ಡ ಕೊರತೆ ಹರ್ಬರ್ಟ್ ಸೋಬೆಲ್ ಅವರ ಚಿತ್ರಣದಲ್ಲಿದೆ. 1942ರಲ್ಲಿ ಜಾರ್ಜಿಯಾದ ಟೊಕೋವಾ ಶಿಬಿರದಲ್ಲಿ ಈ ಪಡೆಯನ್ನು ತಿದ್ದಿದವರು ಅವರೇ. ಕುರಾಹೀ ಬೆಟ್ಟವನ್ನು ಮೂರು ಮೈಲಿ ಓಡಿ ಹತ್ತಿಸಿ, ಮೂರು ಮೈಲಿ ಓಡಿ ಇಳಿಸಿದವರು. ಅವರು ಕ್ಷುದ್ರರೂ ಕಠೋರರೂ ಆಗಿದ್ದುದು, ರಣವಿದ್ಯೆಯಲ್ಲಿ ಹಿಂದುಳಿದಿದ್ದುದು ನಿಜವಿರಬಹುದು. 1943ರಲ್ಲಿ ಇಂಗ್ಲೆಂಡಿನಲ್ಲಿ ಸಾರ್ಜೆಂಟರು ಅವರ ಕೈಕೆಳಗೆ ದುಡಿಯಲಾರೆವೆಂದು ಬರೆದುಕೊಟ್ಟರು. ಅವರನ್ನು ಬೇರೆಡೆಗೆ ಕಳುಹಿಸಲಾಯಿತು. ಅವರ ಮೇಲಿನ ದ್ವೇಷವೂ ಈ ಬಂಧುತ್ವವನ್ನು ಬೆಸೆಯಿತೆಂದು ಗ್ರಂಥವೇ ಒಪ್ಪುತ್ತದೆ. ಒಬ್ಬನನ್ನು ಹೊರಗಿಟ್ಟು ಕಟ್ಟಿದ ಒಗ್ಗಟ್ಟು ವಾತ್ಸಲ್ಯವೆನಿಸೀತೆ? ಸಂಘ ಸಂಸ್ಥೆಗಳನ್ನು ನಡೆಸುವವರಿಗೆ ಈ ಪ್ರಶ್ನೆ ದೂರದ್ದೇನಲ್ಲ.

ವಾತ್ಸಲ್ಯದ ಜೊತೆಜೊತೆಗೇ ಉಪಗೂಹನ, ಸ್ಥಿತಿಕರಣಗಳೂ ಇವೆ: ಪರರ ದೋಷವನ್ನು ಮರೆಮಾಡುವುದು, ಜಾರುವವನನ್ನು ಹಿಡಿದು ನಿಲ್ಲಿಸುವುದು. ರಣದ ಭೀಕರತೆಯಿಂದ ಮನಸ್ಸು ಕುಸಿದ ಸೈನಿಕರಿಗೆ ಗ್ರಂಥಕರ್ತರು ಇವೆರಡನ್ನೂ ಧಾರಾಳವಾಗಿ ನೀಡಿದ್ದಾರೆ. ಸೋಬೆಲ್ ಅವರಿಗೆ ನೀಡಿಲ್ಲ. ಯುದ್ಧಾನಂತರ ಅವರು ಆತ್ಮಹತ್ಯೆಗೆ ಯತ್ನಿಸಿ ದೃಷ್ಟಿ ಕಳೆದುಕೊಂಡರು; 1987ರಲ್ಲಿ ತೀರಿಕೊಂಡರು. ಐದು ವರ್ಷದ ಬಳಿಕ ಬಂದ ಈ ಗ್ರಂಥದಲ್ಲಿ ಅವರನ್ನು ಕುರಿತು ಮಾತನಾಡಿದವರು ಬಹುಮಟ್ಟಿಗೆ ಅವರನ್ನು ಹೊರಗೆ ಕಳುಹಿಸಿದವರೇ.